ಒಂದು ರಾಜ್ಯದ ರಿಸ್ಟ್ರೇನಿಂಗ್ ಆರ್ಡರ್ ಇನ್ನೊಂದು ರಾಜ್ಯದಲ್ಲಿ: ಅಮೆರಿಕದಲ್ಲಿ ಊರು ಬದಲಿಸುವ ಹೆಣ್ಣುಮಕ್ಕಳಿಗೆ

ಗಂಡನ ಕಾಟ ತಡೆಯಲಾಗದೆ ನ್ಯೂಜೆರ್ಸಿಯ ಕೋರ್ಟಿನಲ್ಲಿ ರಿಸ್ಟ್ರೇನಿಂಗ್ ಆರ್ಡರ್, ಅಂದ್ರೆ ಅವನು ನಿಮ್ಮಿಂದ ದೂರ ಇರಬೇಕು ಅನ್ನುವ ಕೋರ್ಟಿನ ಆದೇಶ, ತಗೊಂಡಿದ್ದೀರಿ. ಈಗ ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಸಿಕ್ಕಿದೆ, ಇಲ್ಲಾ ಅಕ್ಕನ ಮನೆ ಅಲ್ಲಿದೆ, ಇಲ್ಲಾ ಅವನಿರುವ ಊರಿನಿಂದ ಎಷ್ಟು ದೂರ ಆಗುತ್ತೋ ಅಷ್ಟು ದೂರ ಹೋದರೆ ಸಾಕು ಅನ್ನಿಸಿದೆ. ಈ ಆರ್ಡರ್ ಅಲ್ಲೂ ನಡೆಯುತ್ತಾ? ಅಥವಾ ರೇಷನ್ ಕಾರ್ಡಿನ ತರ ಹೊಸ ಊರಲ್ಲಿ ಮತ್ತೆ ಮಾಡಿಸಬೇಕಾ?

ನಡೆಯುತ್ತೆ. ಮತ್ತೆ ಮಾಡಿಸಬೇಕಿಲ್ಲ. 1994ರಲ್ಲಿ ಬಂದ ವಾವಾ ಕಾಯ್ದೆ, ಅಂದ್ರೆ ಹೆಂಗಸರ ಮೇಲಿನ ಹಿಂಸೆಯ ವಿರುದ್ಧ ಅಮೆರಿಕದ ಕಾಂಗ್ರೆಸ್ ಮಾಡಿದ ಫೆಡರಲ್ ಕಾಯ್ದೆ, ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಒಂದು ರಾಜ್ಯದ ಕೋರ್ಟ್ ಕೊಟ್ಟ ಪ್ರೊಟೆಕ್ಷನ್ ಆರ್ಡರನ್ನು (ರಿಸ್ಟ್ರೇನಿಂಗ್ ಆರ್ಡರಿಗೆ ಆ ಕಾಯ್ದೆಯಲ್ಲಿರುವ ಹೆಸರು) ಉಳಿದ ರಾಜ್ಯಗಳೆಲ್ಲ ತಮ್ಮದೇ ಆರ್ಡರ್ ಅನ್ನುವ ಹಾಗೆ ಜಾರಿ ಮಾಡಬೇಕು. ಇದಕ್ಕೆ 'ಫುಲ್ ಫೇತ್ ಅಂಡ್ ಕ್ರೆಡಿಟ್' ಅಂತಾರೆ. ಈ ಪದಗುಚ್ಛ ನೆನಪಿಟ್ಟುಕೊಳ್ಳಿ, ಪೊಲೀಸರ ಹತ್ತಿರ, ಕೋರ್ಟ್ ಕೌಂಟರಿನಲ್ಲಿ ಇದು ಕೆಲಸಕ್ಕೆ ಬರುತ್ತೆ. ಹೊಸ ರಾಜ್ಯದ ಕೋರ್ಟಿನಲ್ಲಿ ರಿಜಿಸ್ಟರ್ (ದಾಖಲು) ಆಗಿಲ್ಲ ಅನ್ನುವ ಒಂದೇ ಕಾರಣಕ್ಕೆ ಆರ್ಡರ್ ಜಾರಿ ಮಾಡದೆ ಇರುವ ಹಾಗಿಲ್ಲ ಅಂತಲೂ ಅದೇ ಕಾನೂನಿನಲ್ಲಿ ಬರೆದಿದೆ.

ಹಾಗಿದ್ರೆ ರಿಜಿಸ್ಟರ್ ಯಾಕೆ ಮಾಡಿಸಬೇಕು? ರಾತ್ರಿ ಹೊತ್ತಲ್ಲಿ ಅವನು ಬಂದು ಬಾಗಿಲು ಬಡಿಯುತ್ತಿದ್ದಾನೆ ಅಂದುಕೊಳ್ಳಿ. ಬಂದ ಪೊಲೀಸ್ ಆಫೀಸರ್ ಮೊದಲು ಮಾಡುವ ಕೆಲಸ ಗಾಡಿಯ ಕಂಪ್ಯೂಟರಿನಲ್ಲಿ ಅವನ ಹೆಸರು ಹಾಕಿ ನೋಡುವುದು. ತಮ್ಮ ರಾಜ್ಯದ ಪಟ್ಟಿಯಲ್ಲೇ ಆರ್ಡರ್ ಕಂಡರೆ ಅವರಿಗೆ ಅನುಮಾನವೇ ಬರುವುದಿಲ್ಲ. ಕಾಣದೆ ಇದ್ದರೆ ನೀವು ಕಾಗದ ಹುಡುಕಬೇಕು, ವಿವರಿಸಬೇಕು, ಅಷ್ಟರಲ್ಲಿ ಅವನು ನಯವಾಗಿ ಇಂಗ್ಲಿಷಿನಲ್ಲಿ 'ಇದು ಬರೀ ಗಂಡ ಹೆಂಡತಿ ಜಗಳ ಸಾರ್' ಅಂತ ಶುರು ಮಾಡಿರುತ್ತಾನೆ. ಅದಕ್ಕೇ ರಿಜಿಸ್ಟ್ರೇಷನ್. ಆದರೆ ಅವಸರದಲ್ಲಿ ಹೊಸ ವಿಳಾಸ ಅವನ ಕೈಗೆ ಸಿಗುವ ಹಾಗೆ ಮಾಡಿಕೊಂಡರೆ ಎಲ್ಲ ವ್ಯರ್ಥ. ಆದ್ದರಿಂದ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಅನ್ನುವುದು ಮುಖ್ಯ.

ನ್ಯೂಜೆರ್ಸಿಯಿಂದ ಕ್ಯಾಲಿಫೋರ್ನಿಯಾಗೆ ಹೋಗುವುದನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಎಡಿಸನ್ ಕಡೆಯಿಂದ ಬೇ ಏರಿಯಾಗೆ ಹೋಗುವ ಕನ್ನಡದವರು ಕಮ್ಮಿ ಇಲ್ಲ. ಬೇರೆ ರಾಜ್ಯಗಳಲ್ಲಿ ಫಾರಂ ಬೇರೆ ಇರುತ್ತೆ, ಆದರೆ ಮೂಲ ಕಾನೂನು ಒಂದೇ. ಏಟು ತಿನ್ನುವ ಗಂಡಸರಿಗೂ ಇದೇ ಕಾನೂನು ಅನ್ವಯಿಸುತ್ತೆ.

1. ಕೈಯಲ್ಲಿರುವುದು ಯಾವ ಆರ್ಡರ್?

ಕಾಗದವನ್ನು ಒಮ್ಮೆ ಪೂರ್ತಿ ಓದಿ. ನ್ಯೂಜೆರ್ಸಿಯಲ್ಲಿ ಮೊದಲು ಸಿಗುವುದು ಟಿಆರ್‌ಒ, ಅಂದ್ರೆ ತಾತ್ಕಾಲಿಕ ಆರ್ಡರ್. ಸಾಮಾನ್ಯವಾಗಿ 10 ದಿನದ ಒಳಗೆ ಇಬ್ಬರನ್ನೂ ಕರೆದು ವಿಚಾರಣೆ ಮಾಡುತ್ತಾರೆ. ಅದರಲ್ಲಿ ಗೆದ್ದರೆ ಎಫ್‌ಆರ್‌ಒ, ಅಂದ್ರೆ ಅಂತಿಮ ಆರ್ಡರ್ ಬರುತ್ತೆ.

ಟಿಆರ್‌ಒ ಮಾತ್ರ ಇದ್ದು ವಿಚಾರಣೆ ಬಾಕಿ ಇದ್ದರೆ ದಯವಿಟ್ಟು ವಿಚಾರಣೆ ತಪ್ಪಿಸಿ ವಿಮಾನ ಹತ್ತಬೇಡಿ. ನೀವು ಹಾಜರಾಗದಿದ್ದರೆ ಕೇಸ್ ವಜಾ ಆಗಬಹುದು, ಆಮೇಲೆ ರಿಜಿಸ್ಟರ್ ಮಾಡಿಸೋಕೆ ಏನೂ ಉಳಿಯಲ್ಲ. ಹೋಗಲೇಬೇಕು ಅಂತಾದರೆ ವಿಡಿಯೊ ಮೂಲಕ ಹಾಜರಾಗಲು ಬಿಡುತ್ತೀರಾ ಅಂತ ಮುಂಚೆಯೇ ಕೋರ್ಟಿಗೆ ಕೇಳಿ.

ಇನ್ನೊಂದು ಬಲೆ ಇದೆ, ನಮ್ಮವರು ಜಾಸ್ತಿ ಬೀಳುವುದು ಇದರಲ್ಲೇ. ವಿಚಾರಣೆಗೆ ಮುಂಚೆ ಅವನ ವಕೀಲರು, ಜೊತೆಗೆ ಬೆಂಗಳೂರಿನಿಂದ ಫೋನು ಮಾಡುವ ದೊಡ್ಡವರು, 'ಎಫ್‌ಆರ್‌ಒ ಬಂದರೆ ಹುಡುಗನ ಕೆಲಸಕ್ಕೇ ಕುತ್ತು, ಕೇಸ್ ವಾಪಸ್ ತಗೋಮ್ಮ, ಬದಲಿಗೆ ದೂರ ಇರ್ತೀನಿ ಅಂತ ಬರೆದು ಕೊಡಿಸೋಣ' ಅಂತಾರೆ. ಹಾಗೆ ಬರೆದುಕೊಡುವುದಕ್ಕೆ ಸಿವಿಲ್ ರಿಸ್ಟ್ರೇಂಟ್ಸ್ ಅಂತ ಹೆಸರು. ಅದರ ಮೇಲೂ ಜಡ್ಜ್ ಸಹಿ ಇರುತ್ತೆ, ಮೊಹರು ಇರುತ್ತೆ, ನೋಡೋಕೆ ಆರ್ಡರ್ ತರವೇ ಕಾಣುತ್ತೆ. ಆದರೆ ಅವನು ಅದನ್ನು ಮುರಿದರೆ ಎಫ್‌ಆರ್‌ಒ ಮುರಿದಾಗ ಮಾಡುವ ಹಾಗೆ ಪೊಲೀಸರು ಬಂದು ಅರೆಸ್ಟ್ ಮಾಡಲ್ಲ. ನೀವೇ ಕೋರ್ಟಿಗೆ ಹೋಗಿ ಅರ್ಜಿ ಹಾಕಬೇಕು. ನಿಮ್ಮ ಹತ್ತಿರ ಇರುವುದು ಇದೇನಾ ಅಂತ ಮೊದಲು ನೋಡಿಕೊಳ್ಳಿ. ಇದೇ ಆಗಿದ್ದರೆ ಮುಂದಿನ ಹೆಜ್ಜೆ ವಕೀಲರ ಹತ್ತಿರ.

ಎಫ್‌ಆರ್‌ಒ ಇದ್ದರೆ ಮೂರು ವಿಷಯ ನೋಡಿ. ಅವನಿಗೆ ನೋಟಿಸ್ ತಲುಪಿದೆ, ಮಾತಾಡುವ ಅವಕಾಶ ಸಿಕ್ಕಿದೆ ಅನ್ನುವುದಕ್ಕೆ ದಾಖಲೆ ಇದೆಯಾ? ಫುಲ್ ಫೇತ್ ಅಂಡ್ ಕ್ರೆಡಿಟ್ ನಿಂತಿರುವುದೇ ಇದರ ಮೇಲೆ. ಅವನು ಬಂದು ಮಾತಾಡಲೇಬೇಕು ಅಂತಿಲ್ಲ, ಅವಕಾಶ ಕೊಟ್ಟಿದ್ದರೆ ಸಾಕು. ಎರಡನೆಯದು ಅವಧಿ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಆರ್ಡರನ್ನು ಹೆಚ್ಚೆಂದರೆ 5 ವರ್ಷಕ್ಕೆ ಕೊಡುತ್ತಾರೆ, ಆಮೇಲೆ ನವೀಕರಿಸಬೇಕು. ನ್ಯೂಜೆರ್ಸಿಯ ಎಫ್‌ಆರ್‌ಒಗೆ ಮುಗಿಯುವ ತಾರೀಕೇ ಇಲ್ಲ, ಕೋರ್ಟ್ ರದ್ದು ಮಾಡುವವರೆಗೂ ಇರುತ್ತೆ. ಕ್ಯಾಲಿಫೋರ್ನಿಯಾಗೆ ಬಂದ ಮಾತ್ರಕ್ಕೆ ಅದು 5 ವರ್ಷಕ್ಕೆ ಇಳಿಯಲ್ಲ. ಏನು ಮಾಡಬಾರದು, ಎಷ್ಟು ದಿನ ಅನ್ನುವುದನ್ನು ಆರ್ಡರ್ ಕೊಟ್ಟ ರಾಜ್ಯ ತೀರ್ಮಾನಿಸುತ್ತೆ. ಮುರಿದರೆ ಹೇಗೆ ಅರೆಸ್ಟ್, ಎಷ್ಟು ಶಿಕ್ಷೆ ಅನ್ನುವುದು ನೀವು ಈಗ ಇರುವ ರಾಜ್ಯದ ಕಾನೂನಿನ ಪ್ರಕಾರ.

ಮೂರನೆಯದು, ಆರ್ಡರಿನಲ್ಲಿ ನಿಮ್ಮ ವಿರುದ್ಧವೂ ಏನಾದರೂ ಬರೆದಿದೆಯಾ ಅಂತ. ಕೆಲವು ಕಡೆ ಇಬ್ಬರಿಗೂ ದೂರ ಇರಿ ಅಂತ ಒಟ್ಟಿಗೆ ಬರೆದುಬಿಡುತ್ತಾರೆ. ಅವನು ಬೇರೆಯಾಗಿ ಅರ್ಜಿ ಹಾಕಿಲ್ಲ ಅಂದ್ರೆ, ಅಥವಾ ಹಾಕಿದ್ದರೂ ಇಬ್ಬರಿಗೂ ಆರ್ಡರ್ ಬೇಕು ಅನ್ನುವುದಕ್ಕೆ ಜಡ್ಜ್ ಕಾರಣ ಕೊಟ್ಟಿಲ್ಲ ಅಂದ್ರೆ, ನಿಮ್ಮ ವಿರುದ್ಧದ ಭಾಗವನ್ನು ಬೇರೆ ರಾಜ್ಯ ಜಾರಿ ಮಾಡಬೇಕಿಲ್ಲ. ಅವನ ವಿರುದ್ಧದ ಭಾಗ ಹಾಗೇ ನಿಲ್ಲುತ್ತೆ.

2. ಹೆಸರು, ಹುಟ್ಟಿದ ತಾರೀಕು: ನಮ್ಮವರಿಗೆ ಇದೇ ದೊಡ್ಡ ತಲೆನೋವು

ಪೊಲೀಸರು ಹುಡುಕುವುದು ಹೆಸರು ಮತ್ತು ಹುಟ್ಟಿದ ತಾರೀಕಿನ ಮೇಲೆ. ಇಲ್ಲೇ ನಮ್ಮ ಇನಿಷಿಯಲ್ ಸಮಸ್ಯೆ. ಊರಲ್ಲಿ 'ಎಚ್. ಎಸ್. ಮಂಜುನಾಥ್' ಅಂತ ಇದ್ದವರು ಪಾಸ್‌ಪೋರ್ಟಿನಲ್ಲಿ 'ಮಂಜುನಾಥ್ ಹೊಳೆನರಸೀಪುರ ಶ್ರೀನಿವಾಸ' ಆಗಿರುತ್ತಾರೆ. ಅಮೆರಿಕದ ಡ್ರೈವಿಂಗ್ ಲೈಸೆನ್ಸಿನಲ್ಲಿ ಸರ್‌ನೇಮ್ ಜಾಗದಲ್ಲಿ 'ಶ್ರೀನಿವಾಸ' ಬಂದಿರುತ್ತೆ, ಆಫೀಸಿನಲ್ಲಿ 'ಮಂಜು ಶ್ರೀನಿವಾಸ್'. ಆವತ್ತು ಕೋರ್ಟಿನಲ್ಲಿ ಅಳುತ್ತಾ ಫಾರಂ ತುಂಬುವಾಗ ನೀವು ಬರೆದಿದ್ದು ಇನ್ನೊಂದು. ಸರ್‌ನೇಮ್ ಇಲ್ಲದ ಪಾಸ್‌ಪೋರ್ಟ್ ಆಗಿದ್ದರಂತೂ ವೀಸಾದಲ್ಲಿ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು', ಅಂದ್ರೆ ಮೊದಲ ಹೆಸರು ಗೊತ್ತಿಲ್ಲ, ಅಂತ ಕೂತಿರುತ್ತೆ.

ಆರ್ಡರಿನಲ್ಲಿರುವ ಹೆಸರನ್ನು ಅವನ ಡ್ರೈವಿಂಗ್ ಲೈಸೆನ್ಸಿನ ಹೆಸರಿನ ಜೊತೆ ಅಕ್ಷರ ಅಕ್ಷರ ಹೋಲಿಸಿ. ಲೈಸೆನ್ಸಿನ ಫೋಟೊ ಇಲ್ಲದಿದ್ದರೆ ಹಳೆಯ ಕಾರ್ ಇನ್ಶೂರೆನ್ಸ್ ಕಾಗದ, ಟ್ಯಾಕ್ಸ್ ರಿಟರ್ನ್ ನೋಡಿ. ಹುಟ್ಟಿದ ತಾರೀಕಿನಲ್ಲಿ ತಿಂಗಳು ಮೊದಲಾ, ದಿನ ಮೊದಲಾ ಅಂತ ವಿಶೇಷವಾಗಿ ನೋಡಿ. ನಾವು ಮೇ 9 ಅನ್ನು 9/5 ಅಂತ ಬರೆದರೆ ಅಮೆರಿಕದಲ್ಲಿ ಅದು ಸೆಪ್ಟೆಂಬರ್ 5 ಆಗಿಬಿಡುತ್ತೆ. ಕಂಪ್ಯೂಟರಿಗೆ ಅದು ಬೇರೆಯೇ ಮನುಷ್ಯ.

ತಪ್ಪು ಕಂಡರೆ ನ್ಯೂಜೆರ್ಸಿಯಲ್ಲಿ ಇರುವಾಗಲೇ ಅದೇ ಕೋರ್ಟಿನಲ್ಲಿ ತಿದ್ದಿಸಿ. ಬೇರೆ ರಾಜ್ಯದ ಕೋರ್ಟ್ ಆರ್ಡರನ್ನು ದಾಖಲು ಮಾಡಿಕೊಳ್ಳುತ್ತೆ, ಅದರೊಳಗೆ ಇರುವುದನ್ನು ತಿದ್ದಲ್ಲ.

3. ಸರ್ಟಿಫೈಡ್ ಕಾಪಿ

ಆರ್ಡರ್ ಕೊಟ್ಟ ಕೌಂಟಿ (ನಮ್ಮ ಜಿಲ್ಲೆಯ ತರ) ಕೋರ್ಟಿನ ಫ್ಯಾಮಿಲಿ ವಿಭಾಗಕ್ಕೆ ಹೋಗಿ ಸರ್ಟಿಫೈಡ್ ಕಾಪಿ ಕೇಳಿ. ಮಾಮೂಲಿ ಜೆರಾಕ್ಸ್ ಬೇರೆ, ಇದು ಬೇರೆ. ಇದರ ಮೇಲೆ ಕೋರ್ಟಿನ ಮೊಹರು, ಕ್ಲರ್ಕ್ ಸಹಿ, ತಾರೀಕು ಇರುತ್ತೆ. ಒಂದಕ್ಕಿಂತ ಜಾಸ್ತಿ ತಗೊಳ್ಳಿ: ಒಂದು ಹೊಸ ಕೋರ್ಟಿಗೆ, ಒಂದು ನಿಮ್ಮ ಹತ್ತಿರ, ಸಾಧ್ಯವಾದರೆ ಇನ್ನೊಂದು ನಂಬಿಕೆಯ ಗೆಳತಿಯ ಮನೆಯಲ್ಲಿ. ಅವನಿಗೆ ನೋಟಿಸ್ ತಲುಪಿದ ದಾಖಲೆಯ ಕಾಪಿಯನ್ನೂ ಕೇಳಿ ತಗೊಳ್ಳಿ, ಎಷ್ಟೋ ಜನ ಇದನ್ನು ಮರೆತೇ ಬಿಡುತ್ತಾರೆ.

ಸಣ್ಣ ವಿಷಯ, ಆದರೆ ಹೇಳಲೇಬೇಕು. ಸರ್ಟಿಫೈಡ್ ಕಾಪಿಯ ಮೂಲೆಯ ಸ್ಟೇಪಲ್ ಪಿನ್ ಕೀಳಬೇಡಿ. ಸ್ಕ್ಯಾನ್ ಮಾಡಲು ಸುಲಭ ಅಂತ ಪಿನ್ ತೆಗೆದು ಹಾಳೆ ಬಿಡಿಸಿದರೆ, ಪುಟ ಬದಲಾಯಿಸಿರಬಹುದು ಅನ್ನುವ ಅನುಮಾನಕ್ಕೆ ಕೌಂಟರಿನಲ್ಲಿ ಅದನ್ನು ಒಪ್ಪದೆ ಇರಬಹುದು. ಪಿನ್ ಇದ್ದ ಹಾಗೇ ಹಾಳೆ ಮಡಚಿ ಫೋಟೊ ತೆಗೆದುಕೊಳ್ಳಿ.

4. ಮಕ್ಕಳಿದ್ದರೆ ಇಲ್ಲಿ ನಿಲ್ಲಿ

ನಿಮ್ಮೊಬ್ಬರದೇ ಆದರೆ ಯಾವ ರಾಜ್ಯಕ್ಕೆ ಬೇಕಾದರೂ ಹೋಗಬಹುದು, ಯಾರನ್ನೂ ಕೇಳಬೇಕಿಲ್ಲ. ಮಕ್ಕಳ ವಿಷಯ ಹಾಗಲ್ಲ. ಮಕ್ಕಳನ್ನು ರಾಜ್ಯದ ಹೊರಗೆ ಕರೆದುಕೊಂಡು ಹೋಗಿ ನೆಲೆಸಬೇಕು ಅಂದರೆ ಇನ್ನೊಬ್ಬ ಪೋಷಕರ ಒಪ್ಪಿಗೆ ಬೇಕು, ಇಲ್ಲವೇ ಕೋರ್ಟಿನ ಅನುಮತಿ ಬೇಕು ಅಂತ ನ್ಯೂಜೆರ್ಸಿ ಕಾನೂನು ಹೇಳುತ್ತೆ. ಎಫ್‌ಆರ್‌ಒನಲ್ಲಿ ಮಕ್ಕಳು ನಿಮ್ಮ ಹತ್ತಿರ ಇರಲಿ ಅಂತ ಬರೆದಿದ್ದರೂ ಅದನ್ನೇ ರಾಜ್ಯ ಬಿಡುವ ಅನುಮತಿ ಅಂದುಕೊಳ್ಳಬೇಡಿ. ಹೇಳದೆ ಹೊರಟರೆ ಅವನು 'ಮಕ್ಕಳನ್ನು ಎತ್ತಿಕೊಂಡು ಓಡಿಹೋದಳು' ಅಂತ ಕೋರ್ಟಿಗೆ ಹೋಗುತ್ತಾನೆ, ಇಷ್ಟು ಹೊತ್ತು ನಿಮ್ಮ ಪರ ಇದ್ದ ಕೇಸ್ ತಿರುಗಿ ನಿಲ್ಲುತ್ತೆ.

ಕಸ್ಟಡಿ ಕೇಸು ಸಾಮಾನ್ಯವಾಗಿ ಮಗು ಹಿಂದಿನ 6 ತಿಂಗಳು ಇದ್ದ ರಾಜ್ಯದಲ್ಲೇ ನಡೆಯುತ್ತೆ. ನ್ಯೂಜೆರ್ಸಿ ಕೋರ್ಟ್ ಒಮ್ಮೆ ಕಸ್ಟಡಿ ತೀರ್ಮಾನಿಸಿದ್ದರೆ, ಅವನು ಇನ್ನೂ ಅಲ್ಲೇ ಇದ್ದರೆ, ನೀವು ಕ್ಯಾಲಿಫೋರ್ನಿಯಾಗೆ ಬಂದ ಮೇಲೂ ಹಿಡಿತ ಅದರ ಕೈಯಲ್ಲೇ. ಮಗುವಿಗೆ ತಕ್ಷಣದ ಅಪಾಯ ಇದ್ದರೆ ಹೊಸ ರಾಜ್ಯದ ಕೋರ್ಟ್ ತಾತ್ಕಾಲಿಕವಾಗಿ ಕಾಪಾಡಬಹುದು, ಅದೊಂದು ಬಾಗಿಲು ಇದೆ. ಈ ಒಂದು ವಿಷಯಕ್ಕೆ ವಕೀಲರನ್ನು ಕಾಣದೆ ಹೆಜ್ಜೆ ಇಡಬೇಡಿ. ದುಡ್ಡಿಲ್ಲ ಅಂದರೆ ಲೀಗಲ್ ಏಡ್ ಇದೆ. ನ್ಯೂಜೆರ್ಸಿಯಲ್ಲಿ ದಕ್ಷಿಣ ಏಷ್ಯಾದ ಹೆಂಗಸರಿಗಾಗಿ 1985ರಿಂದ ಕೆಲಸ ಮಾಡುತ್ತಿರುವ ಮಾನವಿ ಅನ್ನುವ ಸಂಸ್ಥೆ ಇದೆ, ಬೇ ಏರಿಯಾದಲ್ಲಿ ಮೈತ್ರಿ, ನಾರಿಕಾ ಇವೆ. 'ಅಯ್ಯೋ, ನಮ್ಮ ಕನ್ನಡ ಸಂಘದಲ್ಲಿ ಯಾರಿಗಾದರೂ ಗೊತ್ತಾದರೆ' ಅನ್ನುವ ಅಂಜಿಕೆ ಇದ್ದೇ ಇರುತ್ತೆ. ಇವರು ನಿಮ್ಮ ವಿಷಯವನ್ನು ಗುಟ್ಟಾಗಿ ಇಡುತ್ತಾರೆ, ಸಂಘದ ಯುಗಾದಿ ಊಟದಲ್ಲಿ ಹೇಳಿಕೊಂಡು ತಿರುಗುವವರಲ್ಲ.

5. ಹೊರಡುವ ಮುಂಚೆ ಸುಳಿವು ಅಳಿಸಿ

ಅಮೆರಿಕದಲ್ಲಿ ನಮ್ಮ ಮನೆಗಳಲ್ಲಿ ಫೋನಿನ ಫ್ಯಾಮಿಲಿ ಪ್ಲಾನ್, ಅಮೆಜಾನ್ ಅಕೌಂಟು, ಕಾರಿನ ಆ್ಯಪು, ಎಲ್ಲ ಗಂಡನ ಹೆಸರಲ್ಲೇ ಇರುತ್ತೆ. ಹೊಸ ಮನೆಗೆ ಅಂತ ಹಳೇ ಅಮೆಜಾನ್ ಅಕೌಂಟಿನಲ್ಲಿ ಒಂದು ಕುಕ್ಕರ್ ತರಿಸಿದರೆ ವಿಳಾಸ ಅವನ ಫೋನಿಗೇ ಹೋಗುತ್ತೆ.

ಕಾರಿನಲ್ಲಿ ಹೋಗುವುದಾದರೆ ಇ-ಝಡ್‌ಪಾಸ್ ಟ್ಯಾಗ್ ಕಿತ್ತಿಡಿ. ಯಾವ ಟೋಲ್ ಎಷ್ಟು ಹೊತ್ತಿಗೆ ದಾಟಿದಿರಿ ಅಂತ ಅದರ ಸ್ಟೇಟ್‌ಮೆಂಟಿನಲ್ಲಿ ಬರುತ್ತೆ. ಗೂಗಲ್ ಮ್ಯಾಪಿನ ಲೊಕೇಶನ್ ಶೇರಿಂಗ್, ಆ್ಯಪಲ್ ಫ್ಯಾಮಿಲಿ, ಕಾರಿನ ಸೀಟಿನ ಕೆಳಗೆ ಏರ್‌ಟ್ಯಾಗ್, ಎಲ್ಲ ಒಮ್ಮೆ ನೋಡಿ. ಅವನ ಕಂಪನಿಯ ಹೆಲ್ತ್ ಇನ್ಶೂರೆನ್ಸಿನಲ್ಲೇ ಇನ್ನೂ ಇದ್ದರೆ, ನೀವು ಡಾಕ್ಟರ್ ಹತ್ತಿರ ಹೋದ ವಿವರದ ಕಾಗದ ಅವನ ಮನೆಗೆ ಹೋಗುತ್ತೆ, ಅದರಲ್ಲಿ ಕ್ಲಿನಿಕ್ಕಿನ ಹೆಸರು ಇರುತ್ತೆ. ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿ, ಹಿಂಸೆಯ ಕಾರಣ ಹೇಳಿ, ಬೇರೆ ವಿಳಾಸಕ್ಕೆ ಕಳಿಸಿ ಅಂತ ಕೇಳುವ ಹಕ್ಕು ನಿಮಗಿದೆ. ಫೋನ್ ನಂಬರ್ ಅವನ ಪ್ಲಾನಿನಲ್ಲಿದ್ದರೆ 2022ರ ಸೇಫ್ ಕನೆಕ್ಷನ್ಸ್ ಕಾಯ್ದೆಯ ಪ್ರಕಾರ ನಿಮ್ಮ ಲೈನನ್ನು ಬೇರೆ ಮಾಡಿಕೊಡಿ ಅಂತ ಕಂಪನಿಗೆ ಅರ್ಜಿ ಕೊಡಬಹುದು, ನಂಬರ್ ನಿಮಗೇ ಉಳಿಯುತ್ತೆ.

ಇದಾದ ಮೇಲೆ ವಿಳಾಸ. ಕ್ಯಾಲಿಫೋರ್ನಿಯಾದಲ್ಲಿ ಸೇಫ್ ಅಟ್ ಹೋಮ್ ಅಂತ ಸರ್ಕಾರದ ಯೋಜನೆ ಇದೆ. ಅದಕ್ಕೆ ಸೇರಿದರೆ ಸ್ಯಾಕ್ರಮೆಂಟೊದ ಒಂದು ಪೋಸ್ಟ್ ಬಾಕ್ಸ್ ವಿಳಾಸ ಕೊಡುತ್ತಾರೆ. ಕೋರ್ಟು, ಡಿಎಂವಿ (ಡ್ರೈವಿಂಗ್ ಲೈಸೆನ್ಸ್ ಕೊಡುವ ಕಚೇರಿ), ಸ್ಕೂಲು, ಹೀಗೆ ಸರ್ಕಾರಿ ಕಚೇರಿಗಳಲ್ಲೆಲ್ಲ ಆ ವಿಳಾಸ ಬರೆಯಬಹುದು, ಕಾಗದ ಬಂದರೆ ಅವರೇ ನಿಮ್ಮ ಮನೆಗೆ ಕಳಿಸುತ್ತಾರೆ. ಬ್ಯಾಂಕು, ಮನೆ ಬಾಡಿಗೆ ಕಂಪನಿ ತರದ ಖಾಸಗಿಯವರು ಒಪ್ಪಲೇಬೇಕು ಅಂತಿಲ್ಲ. ಬೇರೆ ಎಷ್ಟೋ ರಾಜ್ಯಗಳಲ್ಲೂ ಇಂಥ ಯೋಜನೆ ಇದೆ. ಸಾಧ್ಯವಾದರೆ ಇದು ಸಿಕ್ಕಿದ ಮೇಲೆ ಕೋರ್ಟಿಗೆ ಹೋಗಿ.

6. ಕೋರ್ಟಿನ ಕೌಂಟರಿನಲ್ಲಿ

ಕ್ಯಾಲಿಫೋರ್ನಿಯಾದಲ್ಲಿ ಬೇಕಾಗಿರುವುದು ಡಿವಿ-600 ಅನ್ನುವ ಫಾರಂ. ರಾಜ್ಯದ ಕೋರ್ಟುಗಳ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತೆ. ಅದನ್ನು ತುಂಬಿ, ಸರ್ಟಿಫೈಡ್ ಕಾಪಿ ಲಗತ್ತಿಸಿ, ಸುಪೀರಿಯರ್ ಕೋರ್ಟಿನ ಕ್ಲರ್ಕಿಗೆ ಕೊಡಬೇಕು. ಪ್ರತಿ ಕೌಂಟಿಯ ಕೋರ್ಟಿನಲ್ಲೂ ಸೆಲ್ಫ್-ಹೆಲ್ಪ್ ಸೆಂಟರ್ ಇರುತ್ತೆ, ಫಾರಂ ತುಂಬಲು ಅಲ್ಲಿ ಸಹಾಯ ಮಾಡುತ್ತಾರೆ, ಅದಕ್ಕೂ ಕಾಸು ಕೊಡಬೇಕಿಲ್ಲ.

ಫಾರಂನಲ್ಲಿ ನಿಮ್ಮ ಮನೆ ವಿಳಾಸ ಬರೆಯಬೇಡಿ. ಸೇಫ್ ಅಟ್ ಹೋಮ್ ವಿಳಾಸ, ಇಲ್ಲವೇ ವಕೀಲರ ವಿಳಾಸ, ಇಲ್ಲವೇ ಕಾಗದ ತರಿಸಿಕೊಳ್ಳಲು ಅಂತಲೇ ಇಟ್ಟುಕೊಂಡ ವಿಳಾಸ ಬರೆಯಿರಿ. ಆರ್ಡರ್ ಮುಗಿಯುವ ತಾರೀಕಿನ ಮಾತು ಬಂದಾಗ ನ್ಯೂಜೆರ್ಸಿಯ ಎಫ್‌ಆರ್‌ಒಗೆ ಅವಧಿ ಇಲ್ಲ ಅಂತ ನೀವೇ ಹೇಳಿ. ಕೌಂಟರಿನವರಿಗೆ 5 ವರ್ಷದ ಆರ್ಡರುಗಳೇ ರೂಢಿ, ಅವರು ಏನೋ ಬಿಟ್ಟುಹೋಗಿದೆ ಅಂದುಕೊಳ್ಳಬಹುದು.

ಫೀಸ್ ಇಲ್ಲ. ಯಾರಾದರೂ ಗೊತ್ತಿಲ್ಲದೆ ಕೇಳಿದರೆ, 'ಇದು ಡೊಮೆಸ್ಟಿಕ್ ವಯೊಲೆನ್ಸ್ ಆರ್ಡರಿನ ರಿಜಿಸ್ಟ್ರೇಷನ್, ಕ್ಯಾಲಿಫೋರ್ನಿಯಾ ಫ್ಯಾಮಿಲಿ ಕೋಡ್ 6404' ಅಂತ ಮೆತ್ತಗೆ ಹೇಳಿ, ಸೂಪರ್‌ವೈಸರನ್ನು ಕರೆಯಿರಿ ಅನ್ನಿ. ಜಗಳ ಬೇಡ, ಆದರೆ ದುಡ್ಡು ಕೊಟ್ಟು ಬರಲೂ ಬೇಡಿ.

ಎಲ್ಲರ ಮನಸ್ಸಿನಲ್ಲಿ ಇರುವ ಭಯ ಒಂದೇ: ರಿಜಿಸ್ಟರ್ ಮಾಡಿಸಿದರೆ ಅವನಿಗೆ ನೋಟಿಸ್ ಹೋಗುತ್ತಾ? ಹೋಗಲ್ಲ. ನೀವಾಗಿಯೇ ಕೇಳಿಕೊಳ್ಳದೆ ರಿಜಿಸ್ಟರ್ ಆದ ವಿಷಯವನ್ನು ಅವನಿಗೆ ತಿಳಿಸುವ ಹಾಗಿಲ್ಲ ಅಂತ ಫೆಡರಲ್ ಕಾನೂನೇ ಹೇಳುತ್ತೆ. ನೀವು ಯಾರು, ಎಲ್ಲಿದ್ದೀರಿ ಅಂತ ಗೊತ್ತಾಗುವಂಥ ಮಾಹಿತಿಯನ್ನು ಇಂಟರ್ನೆಟ್ಟಿನಲ್ಲಿ ಹಾಕುವ ಹಾಗೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಈ ಫೈಲನ್ನು ಸೀಲ್ ಮಾಡಿ ಇಡುತ್ತಾರೆ. ಪೊಲೀಸರು ನೋಡಬಹುದು, ಗುರುತು ತೋರಿಸಿ ನೀವು ನೋಡಬಹುದು. ಆರ್ಡರ್ ಮುರಿದ ಆರೋಪದ ಮೇಲೆ ಅವನ ಮೇಲೆ ಕ್ರಿಮಿನಲ್ ಕೇಸ್ ಶುರುವಾದರೆ ಅವನ ಕಡೆಯವರಿಗೂ ಸಿಗುತ್ತೆ. ಇಷ್ಟಿದ್ದರೂ ಯಾವ ರಾಜ್ಯವೇ ಆಗಲಿ, ಫಾರಂ ಕೈಬಿಡುವ ಮುಂಚೆ ಒಂದು ಮಾತು ಕೇಳಿ: 'ಇದರ ನೋಟಿಸ್ ಅವನಿಗೆ ಕಳಿಸಲ್ಲ ತಾನೇ?' ಕ್ಲರ್ಕ್ ಕೂಡ ಮನುಷ್ಯರೇ, ರೂಢಿ ಮೇಲೆ ಒಂದು ಕವರ್ ಕಳಿಸಿಬಿಟ್ಟರೆ ಆಮೇಲೆ ಕಾನೂನು ತೋರಿಸಿ ಏನು ಪ್ರಯೋಜನ.

ಭಾಷೆಯ ಸಮಸ್ಯೆ ಇದ್ದರೆ ಕೋರ್ಟಿನಲ್ಲಿ ಇಂಟರ್‌ಪ್ರಿಟರ್ ಕೇಳಬಹುದು. ಕನ್ನಡದವರು ತಕ್ಷಣ ಸಿಗುವುದು ಕಷ್ಟ, ಮುಂಚೆಯೇ ಹೇಳಿಡಿ. ಫೋನಿನಲ್ಲಿ ಕೇಳುವಾಗ 'ಕನ್ನಡ' ಅಂದರೆ ಆ ಕಡೆಯವರು 'ಕೆನಡಾ' ಅಂತ ಕೇಳಿಸಿಕೊಂಡು ಫ್ರೆಂಚ್ ಬೇಕಾ ಅಂತಾರೆ. ಸೌತ್ ಇಂಡಿಯನ್ ಭಾಷೆ ಅಂತ ಹೇಳಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿ.

ಕೆಲಸ ಆದ ಮೇಲೆ ಆರ್ಡರ್ ರಾಜ್ಯದ ಪೊಲೀಸ್ ಡೇಟಾಬೇಸಿಗೆ ಹೋಗುತ್ತೆ. ಕೋರ್ಟಿನ ಮೊಹರು ಬಿದ್ದ ಕಾಪಿ ತಗೊಂಡೇ ಹೊರಗೆ ಬನ್ನಿ. ಕೆಲವು ದಿನ ಬಿಟ್ಟು ನಿಮ್ಮ ಊರಿನ ಪೊಲೀಸ್ ಠಾಣೆಯ ಎಮರ್ಜೆನ್ಸಿ ಅಲ್ಲದ ನಂಬರಿಗೆ ಫೋನ್ ಮಾಡಿ, ಈ ಹೆಸರಿನ ಆರ್ಡರ್ ನಿಮ್ಮಲ್ಲಿ ಕಾಣಿಸುತ್ತಾ ಅಂತ ವಿಚಾರಿಸಿ. ಕಾಣಿಸಲಿಲ್ಲ ಅಂದರೆ ಹೆಸರು ತಪ್ಪಾಗಿ ಟೈಪ್ ಆಗಿರುವ ಸಾಧ್ಯತೆಯೇ ಜಾಸ್ತಿ. ಮತ್ತೆ ಕೋರ್ಟಿಗೆ ಹೋಗಿ ಸರಿಮಾಡಿಸಿ.

7. ಕಾಪಿ ಎಲ್ಲೆಲ್ಲಿ ಇರಬೇಕು

ಫೋನಿನಲ್ಲಿ, ಕೈಚೀಲದಲ್ಲಿ, ಕಾರಿನಲ್ಲಿ, ಮಗುವಿನ ಸ್ಕೂಲು ಅಥವಾ ಡೇಕೇರ್ ಆಫೀಸಿನಲ್ಲಿ. ಸ್ಕೂಲಿನಲ್ಲಿ ಕೊಡುವಾಗ ಅವನ ಫೋಟೊ ಕೂಡ ಕೊಡಿ. ಆಫೀಸಿನ ಸೆಕ್ಯೂರಿಟಿಗೂ ಒಂದು.

8. ಅವನು ಬಂದರೆ, ಅಥವಾ ಬೇರೆಯವರ ಕೈಲಿ ಹೇಳಿಸಿದರೆ

911ಕ್ಕೆ ಕರೆ ಮಾಡಿ. ವಾಕ್ಯ ಚಿಕ್ಕದಾಗಿರಲಿ: 'ಐ ಹ್ಯಾವ್ ಎ ವ್ಯಾಲಿಡ್ ರಿಸ್ಟ್ರೇನಿಂಗ್ ಆರ್ಡರ್ ಫ್ರಮ್ ನ್ಯೂಜೆರ್ಸಿ. ಹಿ ಈಸ್ ವಯೊಲೇಟಿಂಗ್ ಇಟ್ ನೌ.' ಮದುವೆ ಆದ ದಿನದಿಂದ ಕತೆ ಹೇಳಬೇಡಿ, ಅದು ಆಮೇಲೆ. ಬಂದ ಆಫೀಸರಿಗೆ ಕಾಪಿ ತೋರಿಸಿ. ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ ಸರ್ಟಿಫೈಡ್ ಕಾಪಿಯೇ ಆಗಬೇಕಿಲ್ಲ. ಇಬ್ಬರ ಹೆಸರೂ ಇದ್ದು, ನೋಡಿದರೆ ಇನ್ನೂ ಜಾರಿಯಲ್ಲಿದೆ ಅನ್ನಿಸಿದರೆ ಸಾಕು. ಅವನಿಗೆ ಆರ್ಡರ್ ತಲುಪಿಯೇ ಇಲ್ಲ ಅಂತ ಆಫೀಸರಿಗೆ ಅನ್ನಿಸಿದರೆ, ಅವನಿಗೆ ಅಲ್ಲೇ ವಿಷಯ ತಿಳಿಸಿ, ಪಾಲಿಸಲು ಅವಕಾಶ ಕೊಟ್ಟು ಆಮೇಲೆ ಮುಂದಿನ ಕ್ರಮ ತಗೊಳ್ಳುತ್ತಾರೆ. ನೋಟಿಸ್ ತಲುಪಿದ ದಾಖಲೆ ಇಟ್ಟುಕೊಳ್ಳಿ ಅಂದಿದ್ದು ಇದಕ್ಕೇ.

ನಮ್ಮಲ್ಲಿ ಜಾಸ್ತಿ ನಡೆಯುವುದು ಇನ್ನೊಂದು ತರ. ಅವನು ಬರಲ್ಲ. ಅವರಮ್ಮ ಫೋನ್ ಮಾಡುತ್ತಾರೆ, ಚಿಕ್ಕಪ್ಪ ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಕಳಿಸುತ್ತಾರೆ, 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಮ್ಮ, ಅವನು ಬದಲಾಗಿದ್ದಾನೆ' ಅಂತ. ಬೇರೆಯವರ ಮೂಲಕ ಸಂಪರ್ಕಿಸಬಾರದು ಅಂತ ನಿಮ್ಮ ಆರ್ಡರಿನಲ್ಲಿ ಬರೆದಿದ್ದು, ಅವನೇ ಹೇಳಿಸಿದ್ದಾನೆ ಅನ್ನುವುದಕ್ಕೆ ಸಾಕ್ಷಿ ಇದ್ದರೆ, ಅದೂ ಉಲ್ಲಂಘನೆಯೇ. ಮೆಸೇಜ್ ಅಳಿಸಬೇಡಿ. ತಾರೀಕು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ಬೇರೆ ಕಡೆ ಇಡಿ. ಉತ್ತರ ಕೊಡಲು ಹೋಗಬೇಡಿ, ಬೈಯ್ಯಲಿಕ್ಕೂ ಕೂಡ.

ಆರ್ಡರ್ ಮುರಿಯಬೇಕು ಅಂತಲೇ ಅವನು ರಾಜ್ಯದ ಗಡಿ ದಾಟಿ ಬಂದು ಹಾಗೆ ಮಾಡಿದರೆ ಅದು ಫೆಡರಲ್ ಅಪರಾಧವೂ ಆಗುತ್ತೆ. ಇಂಥ ಆರ್ಡರ್ ಇರುವವನು ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ ಅನ್ನುವ ಫೆಡರಲ್ ನಿಯಮವನ್ನು 2024ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಅವನ ಹತ್ತಿರ ಗನ್ ಇದ್ದರೆ ಆ ವಿಷಯವನ್ನು 911ಕ್ಕೆ ಮೊದಲೇ ಹೇಳಿ.

9. ವೀಸಾ

'ನನ್ನ ಎಚ್-4 ವೀಸಾ ಅವನ ಕೆಲಸದ ವೀಸಾ ಮೇಲೆ ನಿಂತಿದೆ, ಕೋರ್ಟಿಗೆ ಹೋದರೆ ನನ್ನನ್ನೇ ವಾಪಸ್ ಕಳಿಸುತ್ತಾರೆ' ಅಂತ ಎಷ್ಟೋ ಜನ ಸುಮ್ಮನಾಗುತ್ತಾರೆ. ಪ್ರೊಟೆಕ್ಷನ್ ಆರ್ಡರ್ ತಗೊಳ್ಳಲು, ರಿಜಿಸ್ಟರ್ ಮಾಡಿಸಲು ವೀಸಾ ಯಾವುದು ಅನ್ನುವುದು ಲೆಕ್ಕಕ್ಕೆ ಬರಲ್ಲ. ಹಿಂಸೆ ಅನುಭವಿಸಿದ ಎಚ್-4 ಹೆಂಡತಿಯರು ಐ-765ವಿ ಅನ್ನುವ ಫಾರಂ ಹಾಕಿ ತಾವಾಗಿಯೇ ಕೆಲಸದ ಅನುಮತಿ ಕೇಳಬಹುದು. ಗಂಡ ಸಿಟಿಜನ್ ಅಥವಾ ಗ್ರೀನ್ ಕಾರ್ಡಿನವನಾಗಿದ್ದರೆ ವಾವಾ ಅಡಿಯಲ್ಲಿ ಅವನ ಸಹಿ ಇಲ್ಲದೆ ನೀವೇ ಗ್ರೀನ್ ಕಾರ್ಡಿನ ದಾರಿ ಹಿಡಿಯಬಹುದು. ಪೊಲೀಸರಿಗೆ ಸಹಕರಿಸಿದವರಿಗೆ ಯು ವೀಸಾ ಅಂತ ಇನ್ನೊಂದಿದೆ.

ಸಿಟಿಜನ್ ಅಲ್ಲದವರು ಮನೆ ಬದಲಿಸಿದ 10 ದಿನದ ಒಳಗೆ ಇಮಿಗ್ರೇಷನ್‌ಗೆ ಹೊಸ ವಿಳಾಸ ತಿಳಿಸಬೇಕು, ಎಆರ್-11 ಫಾರಂ. ಇದನ್ನು ಅವನಿಗೂ ಗೊತ್ತಿರುವ ಆನ್‌ಲೈನ್ ಅಕೌಂಟಿನಿಂದ ಮಾಡಬೇಡಿ. ಯಾವ ವಿಳಾಸ ಕೊಡಬೇಕು, ಹೇಗೆ ಕೊಡಬೇಕು ಅಂತ ಇಮಿಗ್ರೇಷನ್ ವಕೀಲರನ್ನು ಕೇಳಿ ಮಾಡಿ. ಅವನ ಕಂಪನಿಯ ವಕೀಲರನ್ನಲ್ಲ, ಬೇರೆಯವರನ್ನು.

10. ಆಮೇಲೆ ಏನಾದರೂ ಬದಲಾದರೆ

ಆರ್ಡರ್ ತಿದ್ದುವ, ರದ್ದು ಮಾಡುವ ಅಧಿಕಾರ ಅದನ್ನು ಕೊಟ್ಟ ನ್ಯೂಜೆರ್ಸಿ ಕೋರ್ಟಿನದೇ. ಅವನು ಮುಂದೊಂದು ದಿನ ಅಲ್ಲಿ 'ಈಗ ಬೇಡ, ತೆಗೆದುಹಾಕಿ' ಅಂತ ಅರ್ಜಿ ಹಾಕಬಹುದು. ಆಗ ನೋಟಿಸ್ ನಿಮಗೆ ತಲುಪಬೇಕಲ್ವಾ? ಅದಕ್ಕೇ ಹೊಸದೊಂದು ಸುರಕ್ಷಿತ ವಿಳಾಸವನ್ನು, ಗುಟ್ಟಾಗಿ ಇಡಿ ಅಂತ ಹೇಳಿ, ಹಳೆಯ ಕೋರ್ಟಿಗೂ ಕೊಟ್ಟಿರಿ. ತಿದ್ದುಪಡಿ ಏನೇ ಆದರೂ ಹೊಸ ಸರ್ಟಿಫೈಡ್ ಕಾಪಿ ತಗೊಂಡು ಕ್ಯಾಲಿಫೋರ್ನಿಯಾದಲ್ಲಿ ಮತ್ತೆ ಸಲ್ಲಿಸಿ. ನಿಮ್ಮದು ಅವಧಿ ಇರುವ ರಾಜ್ಯದ ಆರ್ಡರ್ ಆಗಿದ್ದರೆ ಮುಗಿಯುವ ಕೆಲವು ತಿಂಗಳ ಮುಂಚೆಯೇ ಆ ಕೋರ್ಟಿಗೆ ಫೋನ್ ಮಾಡಿ. ಮುಗಿದ ಮೇಲೆ ರಿಜಿಸ್ಟ್ರೇಷನ್ ಇದ್ದರೂ ಇಲ್ಲದ ಹಾಗೇ.

ಅವನು ಭಾರತಕ್ಕೆ ವಾಪಸ್ ಹೋಗಿ ಅಲ್ಲಿಂದ ಕಾಟ ಕೊಟ್ಟರೆ? ಅಮೆರಿಕದ ಆರ್ಡರನ್ನು ಬೆಂಗಳೂರಿನ ಠಾಣೆಯಲ್ಲಿ ತೋರಿಸಿದರೆ ಅದರ ಮೇಲೆ ನೇರವಾಗಿ ಅರೆಸ್ಟ್ ಮಾಡಿಸಲು ಆಗಲ್ಲ, ಆದರೆ ಸಾಕ್ಷಿಯಾಗಿ ಕೆಲಸಕ್ಕೆ ಬರುತ್ತೆ. ನೀವು ಊರಿಗೆ ಬಂದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಹೊಸದಾಗಿ ಅರ್ಜಿ ಹಾಕಬಹುದು. ತಾತ್ಕಾಲಿಕವಾಗಿ ತಂಗಿರುವ ಊರಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೂ ಹಾಕಬಹುದು, ಅಂದ್ರೆ ತವರುಮನೆ ಶಿವಮೊಗ್ಗದಲ್ಲಿದ್ದರೆ ಅಲ್ಲೇ. ಅಲ್ಲಿ ಸಿಕ್ಕ ಆರ್ಡರ್ ಭಾರತದ ಉದ್ದಗಲಕ್ಕೂ ನಡೆಯುತ್ತೆ, ಕಾಯ್ದೆಯ 27ನೇ ಕಲಮಿನಲ್ಲೇ ಹಾಗೆ ಬರೆದಿದೆ.

ಇವತ್ತೇ ಯಾರ ಜೊತೆಗಾದರೂ ಮಾತಾಡಬೇಕು ಅಂದರೆ ಅಮೆರಿಕದ ನ್ಯಾಷನಲ್ ಡೊಮೆಸ್ಟಿಕ್ ವಯೊಲೆನ್ಸ್ ಹಾಟ್‌ಲೈನ್ 1-800-799-7233, ದಿನದ 24 ಗಂಟೆಯೂ ಇರುತ್ತೆ, ಇಂಟರ್‌ಪ್ರಿಟರ್ ಕೇಳಬಹುದು. ಮಾತಾಡಲು ಆಗದಿದ್ದರೆ 88788ಕ್ಕೆ ಇಂಗ್ಲಿಷಿನಲ್ಲಿ ಸ್ಟಾರ್ಟ್ ಅಂತ ಮೆಸೇಜ್ ಕಳಿಸಿ. ಅವನು ನೋಡುವ ಫೋನಿನಿಂದ ಮಾತ್ರ ಬೇಡ.